ಅಕ್ಕೋರು ಕಟ್ಟಿದ ದಂಡ

ಅಕ್ಕೋರ ಶೋಕಸಭೆಯಲ್ಲಿ ನಾನು ಮಾತಾಡಲಿಲ್ಲ. ಎರಡು ಮಾತು ಹೇಳಿ ಎಂದು ವೇದಿಕೆಯಿಂದ ಕರೆದರು, ಗಂಟಲು ಕೆಟ್ಟಿದೆ ಎಂದು ಕೈಸನ್ನೆ ಮಾಡಿ ಕೂತೇ ಇದ್ದೆ. ಗಂಟಲಿಗೆ ಏನೂ ಆಗಿರಲಿಲ್ಲ. ನನ್ನನ್ನು ಕರೆಯುವ ಮೊದಲು ಮಾತಾಡಿದ ಹಿರಿಯರೊಬ್ಬರು, ಹಾರ ಹಾಕಿದ ಭಾವಚಿತ್ರದ ಪಕ್ಕದಲ್ಲಿಟ್ಟಿದ್ದ ಒಂದು ತರಗತಿಯ ಫೋಟೋ ತೋರಿಸಿ, 'ಕಟ್ಟಡ ಕೂಲಿಗಳ ಮಕ್ಕಳನ್ನು ಕೈಹಿಡಿದು ಕನ್ನಡ ಶಾಲೆಗೆ ಸೇರಿಸಿದ ಮಹಾತಾಯಿ ಇವರು, ಇದೇ ಅದಕ್ಕೆ ಸಾಕ್ಷಿ' ಎಂದಿದ್ದರು. ಸಭೆ ಚಪ್ಪಾಳೆ ತಟ್ಟಿತು. ಶೋಕಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಎಂಬುದು ಯಾರಿಗೂ ಹೊಳೆಯಲಿಲ್ಲ. ಆ ಫೋಟೋ ತೆಗೆದ ದಿನ ನಾನು ಅದೇ ಕೋಣೆಯಲ್ಲಿದ್ದೆ. ಆ ಮಕ್ಕಳು ಶಾಲೆಗೆ ಸೇರಿರಲಿಲ್ಲ. ಅಕ್ಕೋರು ಬದುಕಿದ್ದು ಈ ಹೊಗಳಿಕೆ ಕೇಳಿದ್ದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋಗುತ್ತಿದ್ದರು. ಅವರ ಬದಲಿಗೆ ನಾನು ತಲೆ ತಗ್ಗಿಸಿ ಕೂತು ನಾಚಿಕೊಂಡೆ. ಮನೆಗೆ ಬಂದ ಮೇಲೂ ಅದು ಹೋಗದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ನಾವು ಹೇಗೂ ಹೆಸರು ಹಿಡಿದು ಕರೆದವರಲ್ಲ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವರು. ಗಂಡ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಅಕ್ಕೋರು ಮೊದಲು ಶಾಲೆಯಲ್ಲಿ, ಆಮೇಲೆ ಡಿ.ಎಡ್. ಕಾಲೇಜಿನಲ್ಲಿ ಕಲಿಸಿ, ಕೊನೆಗೆ ಶಿಕ್ಷಕರಿಗೆ ತರಬೇತಿ ಕೊಡುವ ಒಂದು ಸಂಸ್ಥೆಗೆ ಸೇರಿದ್ದರು. ತೊಂಬತ್ತರ ದಶಕದ ಕೊನೆಗೆ ನಾನು ಅಲ್ಲಿಗೆ ಅವರ ಸಹಾಯಕನಾಗಿ ಹೋದೆ. ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರುತ್ತಿದ್ದ ಪಾಠಗಳನ್ನು ಪುಣೆ, ಸೊಲ್ಲಾಪುರದ ಕನ್ನಡ ಶಾಲೆಗಳಿಗಾಗಿ ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ನಮ್ಮದು ಉಡುಪಿ ಕಡೆಯ ಮನೆತನ, ತಂದೆಯದು ಪುಣೆಯಲ್ಲಿ ಹೋಟೆಲು. ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಬೇಡವೆಂದು ಎಂ.ಎ. ಮಾಡಿದವನು ನಾನು.

ಮೊದಲ ದಿನ 'ಮೇಡಂ' ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಮೇಡಂ ಅನಬ್ಯಾಡ್ರಿ. ನಮ್ಮ ಕಡೆ ಸಾಲಿ ಕಲಸೋರಿಗೆ ಅಕ್ಕೋರು ಅಂತಾರ. ಹಂಗ ಅನ್ರಿ."

"ಆಗಲಿ. ನಾನೇನು ಮಾಡಬೇಕು ಇವತ್ತು?"

"ಅಯ್ಯ, ಏನ್ ಪುಸ್ತಕ ಓದಿಧಂಗ ಮಾತಾಡ್ತೀರಲ್ರಿ. ಮೊದಲ ಚಹಾ ಕುಡೀರಿ."

ಅವರ ದೊಡ್ಡ ಗುಣವೂ ದೊಡ್ಡ ಕಾಟವೂ ಒಂದೇ: ನಾಚಿಕೆ. ಮದುಮಗಳ ನಾಚಿಕೆ ಅಲ್ಲ. ತಪ್ಪು ಯಾರೋ ಮಾಡುತ್ತಿದ್ದರು, ನಾಚಿಕೊಳ್ಳುವವರು ಇವರು. ಪಿಎಂಟಿ ಸಿಟಿ ಬಸ್ಸಿನಲ್ಲಿ ಮರಾಠಿ ಬಾರದ ಮುದುಕನ ಮೇಲೆ ಕಂಡಕ್ಟರ್ ರೇಗಿದರೆ ಇವರ ಕಿವಿ ಕೆಂಪಾಗುತ್ತಿತ್ತು, ಸೆರಗು ಬಾಯಿಗೆ ಹೋಗುತ್ತಿತ್ತು. "ನನಗ ನಾಚಿಕಿ ಆತ್ರಿ" ಎಂದು ಇಳಿಯಬೇಕಾದ ಸ್ಟಾಪಿಗೆ ಮೊದಲೇ ಇಳಿದುಬಿಡುತ್ತಿದ್ದರು. ಅವರ ಜೊತೆಗಿದ್ದ ತಪ್ಪಿಗೆ ನಾನೂ ಬಿಸಿಲಲ್ಲಿ ನಡೆಯಬೇಕಾಗುತ್ತಿತ್ತು. ಒಮ್ಮೆ ನಮ್ಮ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಪಕ್ಕದ ಟೇಬಲ್ಲಿನವನು ತಟ್ಟೆ ಎತ್ತುವವನನ್ನು ಚಿಟಿಕೆ ಹೊಡೆದು ಕರೆದ. ಅಕ್ಕೋರು ಅರ್ಧ ತಿಂದ ದೋಸೆಯ ತಟ್ಟೆ ಹಿಡಿದು ಎದ್ದರು, ನೇರ ಒಳಗೆ ಹೋಗಿ ತಾವೇ ತೊಳೆಯುವ ಕಡೆ ಇಟ್ಟು ಬಂದರು. ಇಡೀ ಹೋಟೆಲು ನೋಡಿತು. ಅವರು ಹೋದ ಮೇಲೆ ನನ್ನ ತಂದೆ, "ಆ ಹೆಂಗಸು ಇನ್ನೊಮ್ಮೆ ಬಂದರೆ ಪಾರ್ಸೆಲ್ ಕೊಟ್ಟು ಕಳಿಸು ಮಾರಾಯ. ಗಿರಾಕಿಗಳೆಲ್ಲ ತಟ್ಟೆ ಎತ್ತಲು ಶುರು ಮಾಡಿದರೆ ನಾನು ಯಾರಿಗೆ ಸಂಬಳ ಕೊಡುವುದು?" ಎಂದರು. ಇದನ್ನು ಅಕ್ಕೋರಿಗೆ ಹೇಳಿದಾಗ ಅವರು ಒಂದು ಕ್ಷಣ ನಕ್ಕು, ಆಮೇಲೆ ನನ್ನ ತಂದೆಗೆ ಮುಜುಗರ ಮಾಡಿದ್ದಕ್ಕೆ ಮತ್ತೆ ನಾಚಿಕೊಂಡರು.

ನಮ್ಮ ತರಬೇತಿಯ ಹೆಸರು ಜಾಗತಿಕ ಪೌರತ್ವ ಎಂದಿತ್ತು. ದೊಡ್ಡ ಹೆಸರು. ಹಣ ಹೊರದೇಶದಿಂದ ಬರುತ್ತಿತ್ತು. ತರಗತಿಯ ಮಕ್ಕಳು ತಾವು ಒಂದು ಜಾತಿಯವರು, ಒಂದು ಊರಿನವರು ಎಂದಷ್ಟೇ ತಿಳಿಯದೆ ಇಡೀ ಜಗತ್ತಿಗೆ ಸೇರಿದವರು ಎಂದು ತಿಳಿಯಬೇಕು, ಅದನ್ನು ಕಲಿಸಲು ಶಿಕ್ಷಕರು ತಯಾರಾಗಬೇಕು ಎಂಬುದು ಉದ್ದೇಶ. ಶಿಕ್ಷಕರು ಅದನ್ನು 'ಗ್ಲೋಬಲ್' ಎಂದು ಕರೆಯುತ್ತಿದ್ದರು. "ಗ್ಲೋಬಲ್ ಯಾವಾಗ ಮುಗೀತದ್ರಿ, ನಾಕು ಗಂಟೆ ಗಾಡಿ ಅದ" ಎಂದು ಕೇಳುತ್ತಿದ್ದರು. ಬಾವುಟ, ಭೂಪಟ, ಎಲ್ಲಾ ದೇಶದ ವೇಷ ಹಾಕಿದ ಮಕ್ಕಳ ಹಾಡು, ಇಷ್ಟು ಹೇಳಿಕೊಟ್ಟರೆ ಸಾಕು, ಊರಿಗೆ ಹೋಗಿ ಮಾಡಿ ತೋರಿಸುತ್ತೇವೆ ಎಂಬ ನಿರೀಕ್ಷೆಯಲ್ಲಿ ಅವರು ಬಂದಿರುತ್ತಿದ್ದರು.

ಅಕ್ಕೋರು ಭೂಪಟವನ್ನು ಬಿಚ್ಚುತ್ತಲೇ ಇರಲಿಲ್ಲ. ಮೊದಲ ದಿನದ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ನಿಮ್ಮ ಬಿಲ್ಡಿಂಗ್‌ನ್ಯಾಗ ಯಾರಿಗೆ ಮನಿ ಬಾಡಿಗಿಗೆ ಕೊಡೂದಿಲ್ಲ?"

ಶಿಕ್ಷಕರು ನೋಟ್‌ಬುಕ್ಕು ತಿರುವತೊಡಗುತ್ತಿದ್ದರು. ಆಗ ಅವರೇ ಮೊದಲು ಹೇಳುತ್ತಿದ್ದರು: "ನಮ್ಮ ಸೊಸೈಟಿಯೊಳಗ ಮುಸಲ್ಮಾನರಿಗೆ ಕೊಡೂದಿಲ್ರಿ. ಮೀಟಿಂಗಿನೊಳಗ ನಾ ಇದ್ದೆ. ಸುಮ್ನ ಕೂತಿದ್ದೆ." ಇದನ್ನು ಹೇಳಿ ಸೆರಗಿನ ಅಂಚು ಹಿಡಿದುಕೊಂಡು ನೆಲ ನೋಡುತ್ತ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬರು, ಆಮೇಲೆ ಇನ್ನೊಬ್ಬರು ಮೆಲ್ಲಗೆ ಶುರು ಮಾಡುತ್ತಿದ್ದರು. ಊಟದ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ನನಗೆ ಈ ಪದ್ಧತಿ ಹಿಡಿಸುತ್ತಿರಲಿಲ್ಲ. ಒಮ್ಮೆ ಹೇಳಿಯೂ ಬಿಟ್ಟೆ, "ಇಷ್ಟು ದೂರದಿಂದ ಬಂದವರನ್ನು ಹೀಗೆ ಅವಮಾನ ಮಾಡಿದರೆ ಅವರು ಏನು ಕಲಿಯುತ್ತಾರೆ?" ಎಂದು.

"ಅವಮಾನ ನಾ ಮಾಡಿಲ್ಲರಿ. ಅದು ಮೊದಲ ಆಗಿತ್ತು, ಇವತ್ತು ಗೊತ್ತಾತು ಅಷ್ಟ" ಎಂದರು.

ಪುಣೆಯ ಹತ್ತಿರದ ಭೋರ್‌ನಲ್ಲಿ ಒಂದು ಶಿಬಿರ ನಡೆಸಿದ್ದೆವು. ಕೊನೆಯ ದಿನ ಅಲ್ಲಿನ ಶಿಕ್ಷಕರು ಪ್ರೀತಿಯಿಂದ 'ವಿಶ್ವದ ಮಕ್ಕಳು' ಎಂಬ ಕಾರ್ಯಕ್ರಮ ಇಟ್ಟಿದ್ದರು. ಜಪಾನಿನ ಹುಡುಗಿ ಬೀಸಣಿಗೆ ಹಿಡಿದು ಬಂದಳು, ಅರಬ್ಬಿ ಹುಡುಗ ಟವೆಲ್ ಕಟ್ಟಿಕೊಂಡು ಬಂದ. ಆಫ್ರಿಕಾದ ಮಗು ಎಂದು ಒಂದು ಪುಟ್ಟ ಹುಡುಗಿಗೆ ಮುಖಕ್ಕೆಲ್ಲ ಇದ್ದಿಲು ಬಳಿದು ಕಳಿಸಿದ್ದರು. ಜನ ನಕ್ಕರು. ಮುಖ್ಯ ಅತಿಥಿಯಾಗಿದ್ದ ಅಕ್ಕೋರು ಎದ್ದು ಹೋಗಿ, ಕುಡಿಯಲು ಇಟ್ಟಿದ್ದ ನೀರಿನಲ್ಲಿ ಕರವಸ್ತ್ರ ಅದ್ದಿ, ಎಲ್ಲರ ಎದುರಿಗೆ ಆ ಮಗುವಿನ ಮುಖ ಒರೆಸತೊಡಗಿದರು. ಇದ್ದಿಲು ಹೋಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹುಡುಗಿ ಅಳತೊಡಗಿದಳು. ಪುಣೆಗೆ ವಾಪಸಾಗುವ ಎಸ್.ಟಿ. ಬಸ್ಸಿನಲ್ಲಿ ಅಕ್ಕೋರು ದಾರಿಯುದ್ದಕ್ಕೂ ಅದನ್ನೇ ಜಪಿಸಿದರು. "ಆ ಕೂಸಿನ್ನ ಅಳಸಿದ್ನಲ್ರಿ. ಅದರದೇನ್ ತಪ್ಪಿತ್ತು? ಒರಸೂದಿದ್ರ ಮಾಸ್ತರ ಮಾರಿ ಒರಸಬೇಕಿತ್ತು."

ಇದನ್ನೆಲ್ಲ ಓದಿ ಅವರನ್ನು ಸಂತರ ಸಾಲಿಗೆ ಸೇರಿಸಬೇಡಿ. ಹೊಗಳಿಕೆ ಎಂದರೆ ಅವರಿಗೆ ಪ್ರಾಣ. ಯಾವುದಾದರೂ ಶಾಲೆಯಿಂದ 'ನಿಮ್ಮ ತರಬೇತಿಯಿಂದ ನಮ್ಮ ಶಾಲೆ ಬದಲಾಯಿತು' ಎಂದು ಫೋನ್ ಬಂದರೆ ಆ ದಿನ ಕಚೇರಿಗೆಲ್ಲ ಚಹಾ. ತಮ್ಮ ಫೋಟೋ ಬಂದ ವರದಿಯನ್ನು ನನಗೆ ಕಾಣದಂತೆ ಎರಡನೇ ಸಲ ತಿರುವಿ ನೋಡುತ್ತಿದ್ದರು. "ನನಗ ಯಾರರೆ ಚಲೋ ಅಂದ್ರ ಕಣ್ಣ ಕಾಣೂದಿಲ್ಲ ನೋಡ್ರಿ" ಎಂದು ತಾವೇ ಒಪ್ಪಿಕೊಳ್ಳುತ್ತಿದ್ದರು.

ಕೊನೆಯ ವರ್ಷಗಳಲ್ಲಿ ಅವರನ್ನು ಕಂಡವರಿಗೆ ಬೇರೆಯೇ ಅಕ್ಕೋರು ಗೊತ್ತು. ಮಾದರಿ ಪಾಠ ಎಂಬ ಮಾತೆತ್ತಿದರೆ ಸಿಡುಕುತ್ತಿದ್ದವರು, ಫೋಟೋ ತೆಗೆಯಲು ಬಂದವರನ್ನು ಹೊರಗೆ ಕಳಿಸುತ್ತಿದ್ದವರು. ಸಂಜೆ ಕಚೇರಿ ಬಿಟ್ಟ ಮೇಲೆ ಪುಣೆಯ ಅಂಚಿನ ವಿಮಾನ ನಗರದಲ್ಲಿ ಕಟ್ಟಡ ಏಳುತ್ತಿದ್ದ ಕಡೆ ಹೋಗಿ, ಸಿಮೆಂಟ್ ಚೀಲಗಳ ಶೆಡ್ಡಿನಲ್ಲಿ ಕೂಲಿಗಳ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಒಂದು ಕಡೆಯ ಕೆಲಸ ಮುಗಿದು ಜನ ಚದುರಿದರೆ ಮತ್ತೊಂದು ಕಡೆ. ನೀವು ಶಾಲೆ ನಡೆಸುತ್ತೀರಂತೆ ಎಂದು ಯಾರೋ ಮೆಚ್ಚಿದಾಗ, "ಸಾಲಿ ಅಲ್ರಿ ಅದು. ದಂಡ ಕಟ್ಟಾಕತ್ತೀನಿ" ಎಂದಿದ್ದರು. ಕೇಳಿದವರು ಅದನ್ನು ವಿನಯ ಎಂದುಕೊಂಡರು.

ದಂಡ ಯಾವುದಕ್ಕೆ ಎಂದರೆ, ಶೋಕಸಭೆಯಲ್ಲಿ ತೋರಿಸಿದ ಆ ಫೋಟೋ ತೆಗೆದ ದಿನದ ಪಾಠಕ್ಕೆ.

ವಿಮಾನ ನಗರದಲ್ಲಿ ಆಗ ಮಾಲುಗಳಿರಲಿಲ್ಲ. ಎಲ್ಲಿ ನೋಡಿದರೂ ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು. ಅಕ್ಕೋರು ಒಂದು ದಿನ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಟ್ಟಡದ ಮೇಲಿಂದ ಹೆಂಗಸೊಬ್ಬಳು ಕೆಳಗಿದ್ದ ಮಗಳನ್ನು ಕನ್ನಡದಲ್ಲಿ ಬೈಯುವುದು ಕೇಳಿ ಇಳಿದುಬಿಟ್ಟರು. ವಿಜಾಪುರ, ಗುಲ್ಬರ್ಗಾ ಕಡೆಯ ಕೂಲಿಗಳ ಒಂದು ಪುಟ್ಟ ಊರೇ ಅಲ್ಲಿತ್ತು. ಮಕ್ಕಳು ಮರಾಠಿ ಶಾಲೆಗೆ ಹೋಗಿ, ಏನೂ ತಿಳಿಯದೆ ಬಿಟ್ಟು ಬಂದಿದ್ದರು. ನಡೆದು ಹೋಗುವಷ್ಟು ದೂರದಲ್ಲಿ, ಯೆರವಡಾದ ದಿಕ್ಕಿಗೆ, ಒಂದು ಸಣ್ಣ ಕನ್ನಡ ಶಾಲೆಯಿತ್ತು. ಅಲ್ಲಿ ಮಕ್ಕಳಿಲ್ಲದೆ ಬೆಂಚುಗಳು ಖಾಲಿ. ಆಡಳಿತ ಮಂಡಳಿಯ ವ್ಯಾಪಾರಸ್ಥರು ತಮ್ಮ ಮಕ್ಕಳನ್ನೇ ಇಂಗ್ಲಿಷ್ ಶಾಲೆಗೆ ಹಾಕಿದ್ದರು.

ಈ ಮಕ್ಕಳನ್ನು ಆ ಬೆಂಚುಗಳ ಮೇಲೆ ಕೂರಿಸಬೇಕು ಎಂದು ಅಕ್ಕೋರು ಹಟ ಹಿಡಿದರು. ಬೇರೆ ಎಲ್ಲ ಕೆಲಸ ಅವರಿಗೆ ಆಮೇಲೆ. ಆ ಶಾಲೆಯ ಹೆಡ್ ಮಾಸ್ತರರು ನಮ್ಮ ತರಬೇತಿಗೂ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಗಾಬರಿಯ ಮನುಷ್ಯ. ಅವರ ತಕರಾರು ಹೀಗಿತ್ತು: ಜನನದ ದಾಖಲೆ ಇಲ್ಲ, ವರ್ಷದ ನಡುವೆ ಕೆಲಸ ಮುಗಿದು ಮಕ್ಕಳು ಮಾಯವಾದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ತಾವು, ಇರುವ ನಾಲ್ಕು ಒಳ್ಳೆ ಮನೆಯ ಮಕ್ಕಳೂ ಬಿಟ್ಟು ಹೋಗುತ್ತಾರೆ ಎಂದು ಮಂಡಳಿ ಹೆದರುತ್ತದೆ. ಅಕ್ಕೋರು ಪ್ರತಿ ಭೇಟಿಯಲ್ಲೂ ಕೇಳಿದರು, ಅವರು ಪ್ರತಿ ಭೇಟಿಯಲ್ಲೂ "ನೋಡೂಣ್ರಿ ಅಕ್ಕೋರ" ಎಂದರು.

ಅಷ್ಟರಲ್ಲಿ ಹಣ ಕೊಡುವವರು ಹೊರದೇಶದಿಂದ ಬರುವುದು ನಿಶ್ಚಯವಾಯಿತು. ಒಂದು ಶಾಲೆಯಲ್ಲಿ ಮಾದರಿ ಪಾಠ ತೋರಿಸಬೇಕು. ಅಕ್ಕೋರು ಬೇರೆ ಶಾಲೆಗಳನ್ನೆಲ್ಲ ಬಿಟ್ಟು ಇದನ್ನೇ ಆರಿಸಿದರು. ಹೆಡ್ ಮಾಸ್ತರರಿಗೆ ಹೇಳಿದ್ದು ಇಷ್ಟು: "ಹೊರಗಿನ ಮಕ್ಕಳು ವರ್ಗದಾಗ ಇಲ್ಲಂದ್ರ ಈ ಪಾಠಕ್ಕ ಅರ್ಥ ಇಲ್ರಿ." ಹೆಡ್ ಮಾಸ್ತರರು ಆ ಸಲ 'ನೋಡೂಣ' ಎನ್ನಲಿಲ್ಲ. "ಆತ್ರಿ, ಮಾಡೂಣ" ಎಂದರು.

ಪಾಠದ ದಿನ ನಾವು ಹೋದಾಗ ವರ್ಗ ತುಂಬಿತ್ತು. ಕಟ್ಟಡದ ಬಳಿ ಮಣ್ಣಲ್ಲಿ ಆಡುತ್ತಿದ್ದ ಅದೇ ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಯೂನಿಫಾರ್ಮ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಅಕ್ಕೋರು ಬಾಗಿಲಲ್ಲೇ ನಿಂತುಬಿಟ್ಟರು. ನನ್ನ ತೋಳು ಹಿಡಿದು, "ತಗೊಂಡಾರ್ರಿ. ಅಂತೂ ತಗೊಂಡಾರ" ಎಂದರು.

ಪಾಠ ಚೆನ್ನಾಗಿ ನಡೆಯಿತು. ಟೀಚರು ಪ್ರಶ್ನೆ ಕೇಳಿದರೆ ಇಡೀ ವರ್ಗ ಕೈ ಎತ್ತುತ್ತಿತ್ತು. ಭೀಮವ್ವ ಎಂಬ ಕೂಲಿಯವರ ಹುಡುಗಿ ಮೊದಲ ಬೆಂಚಿನಲ್ಲಿದ್ದಳು. "ಬೇರೆ ದೇಶದ ಹುಡುಗಿ ನಮ್ಮ ವರ್ಗಕ್ಕೆ ಬಂದರೆ ಏನು ಮಾಡುತ್ತೀ?" ಎಂದು ಟೀಚರು ಕೇಳಿದಾಗ ಅವಳು ಎದ್ದು ನಿಂತು, ಕೋಣೆಗೆಲ್ಲ ಕೇಳುವ ಹಾಗೆ, "ಸರದು ಕೂತು ಜಾಗಾ ಕೊಡ್ತೀನ್ರಿ" ಎಂದಳು. ಅತಿಥಿಗಳಿಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಚಪ್ಪಾಳೆ ತಟ್ಟಿದರು. ಅಕ್ಕೋರು ಕಣ್ಣೊರೆಸಿಕೊಂಡರು. ಫೋಟೋ ತೆಗೆದದ್ದು ಆಗ. ವಾಪಸು ಬರುವಾಗ ಅವರು ಪೇಢೆ ಕೊಂಡು ಇಡೀ ಕಚೇರಿಗೆ ಹಂಚಿದರು. ನಾನು ಬರೆದ ವರದಿಗೆ ಆ ಹುಡುಗಿಯ ಮಾತನ್ನೇ ಶೀರ್ಷಿಕೆ ಮಾಡಿದೆ. ಅಕ್ಕೋರು ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು.

ಕೆಲವು ದಿನಗಳ ಮೇಲೆ ಮಕ್ಕಳಿಗೆ ಫೋಟೋದ ಪ್ರತಿಗಳನ್ನು ಕೊಡೋಣವೆಂದು ಇಬ್ಬರೂ ಶಾಲೆಗೆ ಹೋದೆವು. ಬೆಂಚುಗಳು ಖಾಲಿ ಇದ್ದವು.

"ಮಕ್ಕಳು ಎಲ್ಲಿ?" ಎಂದು ಅಕ್ಕೋರು ಕೇಳಿದರು.

"ಯಾವ ಮಕ್ಕಳ್ರಿ?" ಎಂದರು ಹೆಡ್ ಮಾಸ್ತರರು. ಆಮೇಲೆ ಅರ್ಥವಾಗಿ, "ಅಕ್ಕೋರ, ಕುಂಡ್ರಿ ಮೊದಲ. ಅವರನ್ನ ಅವತ್ತಿನ ಮಟ್ಟಿಗೆ ಕರ್ಕೊಂಡ ಬಂದಿದ್ವಿ. ಕೂಲಿ ಮಂದಿ ಮುಕಾದಮನಿಗೆ ಹೇಳಿ ಕಳಿಸಿದ್ದೆ. ಪಾಪ, ಒಂದು ವಾರ ಸಂಜೀಮುಂದ ನಮ್ಮ ಟೀಚರು ಹೋಗಿ ತಯಾರಿ ಮಾಡಿಸಿದ್ರು" ಎಂದರು.

"ಯೂನಿಫಾರ್ಮ್?"

"ಹಳೇ ಹುಡುಗರವು. ಒಗದು ಇಟ್ಟೇವಿ."

ಅಕ್ಕೋರು ಕೂರಲಿಲ್ಲ. "ಮತ್ತ ಆ ಮಕ್ಕಳು ಮರುದಿವಸ ಬರಲಿಲ್ಲೇನು?"

"ಬಂದಿದ್ರು ನಾಕ ಮಂದಿ. ಗೇಟಿನ್ಯಾಗ ತಿಳಿಸಿ ಹೇಳಿ ಕಳಿಸಿದ್ವಿ. ಬೈದಿಲ್ರಿ, ಬಿಸ್ಕೀಟ್ ಕೊಟ್ಟು ಕಳಿಸೀವಿ." ಅವರ ಮುಖದಲ್ಲಿ ನಿಜವಾಗಿಯೂ ಗಲಿಬಿಲಿಯಿತ್ತು. "ಇನ್‌ಸ್ಪೆಕ್ಶನ್‌ಗೆ ಎಲ್ಲಾ ಸಾಲ್ಯಾಗೂ ಹಿಂಗ ಮಾಡ್ತಾರಲ್ರಿ. ನೀವ ಹೇಳಿದ್ರಿ, ಹೊರಗಿನ ಮಕ್ಕಳು ಬೇಕು ಅಂತ. ಅದಕ್ಕ ತಂದ್ವಿ. ಊಟ ಹಾಕೀವಿ, ಸೀ ತಿನಿಸು ಕೊಟ್ಟೀವಿ. ಅವರಿಗೇನ್ ಅನ್ಯಾಯ ಆತು ಹೇಳ್ರಿ?"

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ನಮ್ಮ ಮುಂದೆ ನಾಟಕ ಆಡಿದ್ದೇನೋ ಸರಿ, ನಾವು ಅದಕ್ಕೆ ಚಪ್ಪಾಳೆ ತಟ್ಟಿ, ವರದಿ ಬರೆದು, ಪೇಢೆ ಹಂಚಿದ್ದೆವು. "ಈಗಾದರೂ ಸೇರಿಸಿಕೊಳ್ಳಿ" ಎಂದು ಅಕ್ಕೋರು ಕೇಳಿದರು. ಬೇಡಿದರು ಎಂದೇ ಹೇಳಬೇಕು. ಮಂಡಳಿ ಆಗುವುದಿಲ್ಲ ಎಂದಿದೆ, ತಮ್ಮ ಕೈಯಲ್ಲಿಲ್ಲ ಎಂದು ಹೆಡ್ ಮಾಸ್ತರರು ಕೈಮುಗಿದರು.

ಗೇಟು ದಾಟಿ ಕಟ್ಟಡದ ಕಡೆಗೆ ನಡೆದೆವು. ಬಿಸಿಲು ಜೋರಿತ್ತು. ಸ್ವಲ್ಪ ದೂರ ಹೋದ ಮೇಲೆ ಅಕ್ಕೋರು ನನ್ನತ್ತ ನೋಡದೆ ಹೇಳಿದರು: "ಅವತ್ತು ವರ್ಗದಾಗ ಅರ್ಧಾ ಮಕ್ಕಳು ಎಡಗೈ ಎತ್ತಿದ್ರು, ನೋಡಿದ್ರೇನು?"

ನಾನು ನೋಡಿರಲಿಲ್ಲ.

"ಉತ್ತರ ಬರೋರು ಬಲಗೈ, ಬರದವರು ಎಡಗೈ. ಮಾಸ್ತರು ಬಲಗೈನವರನ್ನಷ್ಟ ಕೇಳೂದು. ಇನ್‌ಸ್ಪೆಕ್ಶನ್ ಸಾಹೇಬ್ರು ಬಂದಾಗ ನಾನೂ ಹಂಗ ಕಲಿಸೀನ್ರಿ ಮೊದಲ. ನನಗ ಕಂಡಿತ್ತು. ಕಂಡೂ ಕಾಣಧಂಗ ಕೂತೆ. ಚಲೋ ಅನಿಸ್ಕೊಳ್ಳೂ ಆಸೆ ನೋಡ್ರಿ." ಅವರ ಕಿವಿ ಕೆಂಪಾಗಿತ್ತು. ಅಷ್ಟು ವರ್ಷ ಅವರು ಪರರಿಗಾಗಿ ನಾಚಿಕೊಂಡದ್ದನ್ನು ಕಂಡಿದ್ದೆ, ಕೆಲವು ಸಲ ಅದನ್ನು ಆಡಿಕೊಂಡಿದ್ದೆ. ತಮ್ಮ ಬಗ್ಗೆಯೇ ನಾಚಿಕೊಂಡಾಗ ಅವರು ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ. ಬರಿಮುಖದಲ್ಲೇ ನಡೆಯುತ್ತಿದ್ದರು.

ಭೀಮವ್ವನ ತಾಯಿ ಊಟದ ಬಿಡುವಿನಲ್ಲಿ ತಗಡಿನ ಶೆಡ್ಡಿನ ಮುಂದೆ ಕೂತಿದ್ದಳು. ನಮ್ಮನ್ನು ಕಂಡು ಗಡಬಡಿಸಿ ಎದ್ದಳು. ಸಿಮೆಂಟ್ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಮಣೆ ಹಾಕಿದಳು. ಶೆಡ್ಡಿನ ಬಾಗಿಲಲ್ಲಿ ಭೀಮವ್ವ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟಿತ್ತು. ಮೈಮೇಲೆ ಹರಿದ ಫ್ರಾಕು.

ಅಕ್ಕೋರು ಬಾಯಿ ತೆರೆಯುವ ಮೊದಲೇ ತಾಯಿ ಕೇಳಿದಳು: "ನಮ್ಮ ಹುಡಿಗಿ ಏನರೆ ತಪ್ಪ ಹೇಳಿದ್ಳೇನ್ರಿ ಅಕ್ಕೋರ?"

"ಯಾಕವ್ವಾ?"

"ಮರುದಿನ ಹೋದ್ರ ಗೇಟಿನಾಗಿಂದ ಹೊಳ್ಳಿ ಕಳಿಸ್ಯಾರ. ಪಾಠ ಬರೋಬ್ಬರಿ ಒಪ್ಪಿಸಿರಾಕಿಲ್ಲ ಇಕಿ, ಅದಕ್ಕ ಬ್ಯಾಡ ಅಂದಾರ ಅಂತ ನಾನೂ ಎರಡ ಹೊಡದ್ನಿರಿ. ಅವತ್ತಿಂದ ದಿನಾ ಮುಂಜಾನೆ ತಲಿ ಬಾಚ್ಕೊಂಡು ಕುಂಡರ್ತಾಳ. ಇನ್ನೊಮ್ಮೆ ಕೇಳಿದ್ರ ಚಂದಾಗಿ ಹೇಳ್ತಾಳಂತರಿ."

ಅಕ್ಕೋರು ಆ ಮಣೆಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತರು. "ಇಲ್ಲವ್ವಾ, ಅಕಿ ಭಾಳ ಚಂದ ಹೇಳಿದ್ಳು. ತಪ್ಪ ಅಕಿದಲ್ಲ. ನಮ್ದು" ಎಂದರು. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ತಾಯಿಗೆ ಕೇಳಿಸಿತು. ಅವಳ ಮುಖ ಅರಳಿತು. "ಹಂಗಾದ್ರ ನಾಳಿಂದ ಕಳಸ್ಲೇನ್ರಿ?"

ಭೀಮವ್ವ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಅಕ್ಕೋರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಟ್ಟಡದ ಕಡೆ ಮುಖ ತಿರುಗಿಸಿದೆ. ದೇವರಾಣೆ, ಅಲ್ಲಿಂದ ಓಡಿಹೋಗಬೇಕು ಅನಿಸಿತ್ತು.

"ಬ್ಯಾಡವ್ವಾ" ಎಂದರು ಅಕ್ಕೋರು. "ಕಳಸಬ್ಯಾಡ. ತಗೊಳ್ಳೂದಿಲ್ಲ ಅವರು."

ತಾಯಿ ಯಾಕೆ ಎಂದು ಕೇಳಲಿಲ್ಲ, ಜಗಳ ಆಡಲಿಲ್ಲ. "ಆತು ಬಿಡ್ರಿ" ಎಂದಳು. ಇಷ್ಟು ದೂರ ಬಿಸಿಲಲ್ಲಿ ಬಂದೀರಿ, ಚಹಾ ಕುಡಿದು ಹೋಗ್ರಿ ಎಂದು ಒಲೆಯ ಕಡೆ ತಿರುಗಿದಳು. ಹಾಗೆ ತಿರುಗುತ್ತಲೇ ಮಗಳಿಗೆ ಹೇಳಿದಳು:

"ಏ ಭೀಮಿ, ಅಕ್ಕೋರು ಬ್ಯಾಡ ಅಂದ್ರು. ಆ ರಿಬ್ಬನ್ನ ಬಿಚ್ಚಿಟ್ಟು ತಮ್ಮನ್ನ ಎತ್ಕೋ ಹೋಗು."

ಹುಡುಗಿ ರಿಬ್ಬನ್ ಬಿಚ್ಚಿದಳು.